ಗಾಡಿ ಕೂಗುತ್ತೆ, ಓಡಲ್ಲ

ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಿರಿ. ಆರ್‌ಪಿಎಂ ಮುಳ್ಳು 2000ದಿಂದ ಒಮ್ಮೆಲೇ 2500ಕ್ಕೆ ಹಾರಿತು, ವೇಗದ ಮುಳ್ಳು ಮಾತ್ರ ಇದ್ದಲ್ಲೇ ಇದೆ. ಎಂಜಿನ್ನಿನ ಶಕ್ತಿ ಚಕ್ರದವರೆಗೆ ಹೋಗದೆ ನಡುವೆ ಸೋರುತ್ತಿದೆ ಎಂದು ಅರ್ಥ. ಸೋರುವ ಜಾಗ ಕ್ಲಚ್. ನಮ್ಮ ಗ್ಯಾರೇಜಿಗೆ ಬರುವ ಹುಡುಗರು ಇದನ್ನು "ಅಣ್ಣಾ, ಗಾಡಿ ಕೂಗುತ್ತೆ, ಓಡಲ್ಲ" ಅನ್ನುತ್ತಾರೆ. ಇಷ್ಟು ಸರಿಯಾದ ವಿವರಣೆ ನಾನು ಓದಿದ ಡಿಪ್ಲೊಮಾ ಪುಸ್ತಕದಲ್ಲೂ ಇರಲಿಲ್ಲ.

ಹೀಗೆ ಕೂಗುತ್ತಾ ಬರುವ ಗಾಡಿಗಳಲ್ಲಿ ಹೆಚ್ಚಿನವು ಟರ್ಬೊ ಡೀಸೆಲ್. ಅದರಲ್ಲೂ ಪೋಲೋ ಜಿಟಿ ಟಿಡಿಐ ನಮ್ಮ ಹುಡುಗರ ಮುದ್ದಿನ ಗಾಡಿ. 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಆ ಡೀಸೆಲ್ ಎಂಜಿನ್ ನಿಂತುಹೋಯಿತು. ಅಂದಿನಿಂದ ಇದ್ದವರು ಮಾರುತ್ತಿಲ್ಲ, ಇಲ್ಲದವರು ಹುಡುಕುತ್ತಿದ್ದಾರೆ. ಅದರ 1.5 ಲೀಟರ್ ಎಂಜಿನ್ ಕಾರ್ಖಾನೆಯಿಂದ ಬಂದಾಗ 105 ಪಿಎಸ್ ಪವರ್, 250 ನ್ಯೂಟನ್ ಮೀಟರ್ ಟಾರ್ಕ್. ರೀಮ್ಯಾಪ್ ಎಂದರೆ ಎಂಜಿನ್ನಿನ ಕಂಪ್ಯೂಟರಿನಲ್ಲಿ ಇಂಧನ ಮತ್ತು ಟರ್ಬೊ ಒತ್ತಡದ ಲೆಕ್ಕ ಬದಲಿಸುವುದು. ಒಂದು ಬೋಲ್ಟ್ ಕೂಡ ಬಿಚ್ಚದೆ ಟಾರ್ಕ್ 300 ದಾಟುತ್ತದೆ. ಲ್ಯಾಪ್‌ಟಾಪ್ ತಂದವನು ತನ್ನ ಕೆಲಸ ಮುಗಿಸಿ ಹೋಗುತ್ತಾನೆ, ಆ ಹೆಚ್ಚಿನ 50-60 ನ್ಯೂಟನ್ ಮೀಟರನ್ನು ಹಿಡಿದುಕೊಳ್ಳುವ ಕೆಲಸ ಕ್ಲಚ್ಚಿನ ತಲೆಗೆ ಬೀಳುತ್ತದೆ.

ಪವರ್ ಎಷ್ಟು ಏರಿತು ಎಂಬುದೇ ಎಲ್ಲರ ಪ್ರಶ್ನೆ. ಕ್ಲಚ್ಚಿಗೆ ಪವರ್ ಗೊತ್ತಾಗುವುದಿಲ್ಲ, ಅದಕ್ಕೆ ತಿಳಿಯುವುದು ಟಾರ್ಕ್ ಒಂದೇ. ಹಿಂದಿನ ತಲೆಮಾರಿನ ಹೋಂಡಾ ಸಿಟಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ 119 ಪಿಎಸ್, ಅಂದರೆ ಈ ಪೋಲೋಗಿಂತ ಹೆಚ್ಚು. ಟಾರ್ಕ್ ಮಾತ್ರ 145. ಪೆಟ್ರೋಲ್ ಎಂಜಿನ್ ಜೋರಾಗಿ ತಿರುಗಿ ಪವರ್ ತರುತ್ತದೆ, ಡೀಸೆಲ್ ನಿಧಾನವಾಗಿ ತಿರುಗುತ್ತಾ ಗಟ್ಟಿಯಾಗಿ ತಿರುಚುತ್ತದೆ. ಆ ತಿರುಚುವ ಬಲವೇ ಕ್ಲಚ್ಚಿನ ಶತ್ರು.

ಕ್ಲಚ್ ಕೆಲಸ ಮಾಡುವುದು ಹೀಗೆ. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಲೋಹದ ಚಕ್ರ. ಅದಕ್ಕೆ ಅಂಟಿಕೊಂಡಂತೆ ಕ್ಲಚ್ ಪ್ಲೇಟ್, ಹಿಂದಿನಿಂದ ಅದನ್ನು ಒತ್ತಿ ಹಿಡಿಯುವುದು ಪ್ರೆಷರ್ ಪ್ಲೇಟ್. ಕ್ಲಚ್ ಪ್ಲೇಟಿನ ಎರಡು ಮುಖಕ್ಕೂ ಘರ್ಷಣೆಯ ಲೈನಿಂಗ್ ಇರುತ್ತದೆ. ಪೆಡಲ್ ತುಳಿದಾಗ ಒತ್ತಡ ಬಿಡುತ್ತದೆ, ಕಾಲು ತೆಗೆದಾಗ ಒತ್ತಿ ಹಿಡಿಯುತ್ತದೆ. ಇದು ಎಷ್ಟು ಟಾರ್ಕ್ ತಡೆಯುತ್ತದೆ ಎಂಬುದಕ್ಕೆ ನಾಲ್ಕು ಸಂಗತಿಗಳ ಗುಣಾಕಾರ ಸಾಕು: ಲೈನಿಂಗಿನ ಘರ್ಷಣೆಯ ಅಂಕ, ಪ್ರೆಷರ್ ಪ್ಲೇಟ್ ಒತ್ತುವ ಬಲ, ಪ್ಲೇಟಿನ ಸರಾಸರಿ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ.

ಒಂದು ಮಾದರಿ ಲೆಕ್ಕ ಹಾಕೋಣ. ಮಾಮೂಲಿ ಲೈನಿಂಗಿಗೆ ಘರ್ಷಣೆ 0.3 ಎನ್ನಿ. ಒತ್ತುವ ಬಲ 5000 ನ್ಯೂಟನ್, ಸರಾಸರಿ ತ್ರಿಜ್ಯ 95 ಮಿಲಿಮೀಟರ್, ಮುಖಗಳು ಎರಡು. ಗುಣಿಸಿದರೆ 285 ನ್ಯೂಟನ್ ಮೀಟರ್. 250 ಕೊಡುವ ಎಂಜಿನ್ನಿಗೆ ಇಂಥ ಕ್ಲಚ್ ಧಾರಾಳವಾಗಿ ಸಾಕು. ಲೈನಿಂಗ್ ಸವೆದು, ಬೇಸಿಗೆಯಲ್ಲಿ ಬಿಸಿಯಾಗಿ, ಗಾಡಿ ತುಂಬ ಜನ ಕೂತು ಶಿರಾಡಿ ಘಾಟಿ ಹತ್ತಿದರೂ ಹಿಡಿಯಲಿ ಎಂದೇ ಇಷ್ಟು ಮೀಸಲು ಬಿಟ್ಟಿರುತ್ತಾರೆ. ರೀಮ್ಯಾಪ್ ಮಾಡಿಸಿದವನು ಮೊದಲು ತಿನ್ನುವುದು ಆ ಮೀಸಲನ್ನೇ. 310 ಆದ ದಿನ ಕ್ಲಚ್ ಜಾರುತ್ತದೆ.

ಜಾರಿದರೆ ಏನಂತೆ, ಸ್ವಲ್ಪ ಪಿಕಪ್ ಕಡಿಮೆಯಾಗುತ್ತದೆ ಅಷ್ಟೇ ತಾನೇ ಎಂದು ಕೆಲವರು ಹಾಗೇ ಓಡಿಸುತ್ತಾರೆ. 285 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ಎರಡು ಮುಖಗಳ ನಡುವೆ ನಿಮಿಷಕ್ಕೆ 500 ಸುತ್ತಿನ ವ್ಯತ್ಯಾಸ ಬಂದರೆ ಅಲ್ಲಿ ಹುಟ್ಟುವ ಶಾಖ ಸುಮಾರು 15 ಕಿಲೋವ್ಯಾಟ್. ಮನೆಯ ಬಚ್ಚಲಿನ ಏಳೆಂಟು ಗೀಸರುಗಳು ಒಟ್ಟಿಗೆ ಉರಿದಷ್ಟು ಕಾವು, ಅದೂ ಗಾಳಿಯಾಡದ ಡಬ್ಬಿಯೊಳಗೆ. ಲೈನಿಂಗ್ ಸುಟ್ಟು ಗಾಜಿನಂತೆ ನುಣುಪಾಗುತ್ತದೆ, ನುಣುಪಾದಷ್ಟೂ ಇನ್ನೂ ಜಾರುತ್ತದೆ. ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ. ಇಂಥ ಗಾಡಿಯ ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಫ್ಲೈವೀಲ್ ಮೇಲೆ ನೀಲಿ ಕಲೆಗಳು, ಕೂದಲೆಳೆಯಂಥ ಬಿರುಕುಗಳು. ಆಗ ಖರ್ಚು ಕ್ಲಚ್ ಸೆಟ್ಟಿಗೆ ನಿಲ್ಲುವುದಿಲ್ಲ. ಅಂದಹಾಗೆ, ಒಳಗಿನ ಕಪ್ಪು ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಇದು ನಮ್ಮ ಹುಡುಗರಿಗೆ ನಾನು ದಿನಾ ಹೇಳುವ ಮಾತು, ದಿನಾ ಅವರು ಮರೆಯುವ ಮಾತು.

ಇನ್ನು ಪರಿಹಾರ. ಮೇಲಿನ ಗುಣಾಕಾರವನ್ನೇ ನೋಡಿ, ಯಾವುದನ್ನು ಹೆಚ್ಚಿಸಬಹುದು? ತ್ರಿಜ್ಯ ಹೆಚ್ಚಿಸಲು ಗೇರ್‌ಬಾಕ್ಸ್ ಮುಚ್ಚಳದೊಳಗೆ ಜಾಗವಿಲ್ಲ. ಒತ್ತುವ ಬಲವನ್ನು ಶೇ. 20 ಏರಿಸಿದರೆ ನಮ್ಮ ಮಾದರಿ ಕ್ಲಚ್ 342 ಹಿಡಿಯುತ್ತದೆ. ಘರ್ಷಣೆಯನ್ನು 0.4 ಮಾಡಿದರೆ, ಅಂದರೆ ಸೆರಾಮಿಕ್ ಅಥವಾ ಲೋಹದ ಪುಡಿಯಿಂದ ಮಾಡಿದ ಲೈನಿಂಗ್ ಹಾಕಿದರೆ, 380. ಎರಡು ಪ್ಲೇಟ್ ಇರುವ ಟ್ವಿನ್ ಡಿಸ್ಕ್ ಹಾಕಿದರೆ ಉಜ್ಜುವ ಮುಖ ನಾಲ್ಕಾಗಿ 570. ಕಾಗದದ ಮೇಲೆ ಎಲ್ಲರ ಕಣ್ಣೂ ದೊಡ್ಡ ಅಂಕಿಯ ಮೇಲೆ ಬೀಳುತ್ತದೆ. ನಾನು ಉಲ್ಟಾ ಹೇಳುವವನು: ನಿಮ್ಮ ಟಾರ್ಕನ್ನು ಹಿಡಿಯುವ ಕ್ಲಚ್‌ಗಳಲ್ಲಿ ಎಲ್ಲಕ್ಕಿಂತ ಸಾಧು ಯಾವುದೋ ಅದನ್ನು ಹಾಕಿಸಿ.

ಹಾಸನದ ಕಡೆಯ ಹುಡುಗನೊಬ್ಬ ಇಂಥದೇ ಡೀಸೆಲ್ ಗಾಡಿ ತಂದಿದ್ದ. ವೈಟ್‌ಫೀಲ್ಡಿನಲ್ಲಿ ಕೆಲಸ, ವಾರಾಂತ್ಯಕ್ಕೆ ಊರು. ಸಿಕ್ಸ್ ಪಕ್ ಬೇಕು ಎಂದ. ಪೂರ್ತಿ ವೃತ್ತದ ಲೈನಿಂಗ್ ಬದಲು ಆರು ಬಿಲ್ಲೆ ಸೆರಾಮಿಕ್ ಇರುವ ಪ್ಲೇಟ್ ಅದು.

"ಗಾಡಿ ಇನ್ಯಾರು ಓಡಿಸ್ತಾರೆ?"

"ಊರಿಗೆ ಹೋದಾಗ ಅಮ್ಮ ಓಡಿಸ್ತಾರೆ ಅಣ್ಣಾ, ತೋಟಕ್ಕೆ, ಸಂತೆಗೆ."

"ಹಾಗಾದ್ರೆ ಅಮ್ಮನ್ನ ಒಂದ್ಸಲ ಕರ್ಕೊಂಡು ಬನ್ನಿ, ಸಿಕ್ಸ್ ಪಕ್ ಗಾಡಿ ಒಂದು ನಿಂತಿದೆ, ಓಡಿಸಿ ನೋಡಲಿ."

ಕೊನೆಗೆ ಅವನೇ ಓಡಿಸಿ ನೋಡಿದ, ಬೀದಿಯ ತುದಿ ಮುಟ್ಟುವುದರೊಳಗೆ ಎರಡು ಸಲ ಆಫ್ ಮಾಡಿದ. ಸೆರಾಮಿಕ್ಕಿಗೆ ಹಾಫ್ ಕ್ಲಚ್ ಎಂಬುದು ಒಗ್ಗುವುದಿಲ್ಲ. ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ನಡುವೆ ಇಡಲು ಹೋದರೆ ಇಡೀ ಗಾಡಿ ಗಡಗಡ ನಡುಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲೋ, ಕೆ-1000 ರ‍್ಯಾಲಿಯಲ್ಲೋ ಓಡುವ ಗಾಡಿಗೆ ಅದು ಸರಿಯಾದ ವಸ್ತು. ಅಲ್ಲಿ ಕ್ಲಚ್ ಕೆಂಪಗೆ ಕಾದರೂ ಹಿಡಿತ ಬಿಡಬಾರದು, ಟ್ರಾಫಿಕ್ಕಿನಲ್ಲಿ ಇಂಚಿಂಚಾಗಿ ಸರಿಯುವ ಪ್ರಶ್ನೆಯೇ ಇಲ್ಲ. ಅದನ್ನು ತಂದು ಹೊರವರ್ತುಲ ರಸ್ತೆಯಲ್ಲಿ ಓಡಿಸುವವರಿಗೆ ನನ್ನ ನಮಸ್ಕಾರ.

ಬಲವಾದ ಪ್ರೆಷರ್ ಪ್ಲೇಟಿಗೂ ಅದರದೇ ತೆರಿಗೆ ಇದೆ. ಸ್ಪ್ರಿಂಗ್ ಎಷ್ಟು ಬಿಗಿಯೋ ಪೆಡಲ್ ಅಷ್ಟು ಭಾರ. ನಿಮ್ಮ ಎಡಗಾಲಿನ ಮಂಡಿಗಿಂತ ಮೊದಲು ಸೋಲುವುದು, ಪೆಡಲಿನ ಒತ್ತನ್ನು ಕ್ಲಚ್ಚಿಗೆ ಮುಟ್ಟಿಸುವ, ಹಲವು ಗಾಡಿಗಳಲ್ಲಿ ಗೇರ್‌ಬಾಕ್ಸಿನೊಳಗೇ ಇರುವ ಸ್ಲೇವ್ ಸಿಲಿಂಡರ್. ಅದರ ಸೀಲ್ ಹೋಗಿ ಎಣ್ಣೆ ಸೋರಿತು ಎಂದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು. ಪ್ರತಿ ಸಲ ಪೆಡಲ್ ತುಳಿದಾಗಲೂ ಆ ಬಲ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ನೂಕುತ್ತದೆ, ಅದನ್ನು ತಡೆಯುವ ಥ್ರಸ್ಟ್ ಬೇರಿಂಗ್ ಬೇಗ ಸವೆಯುತ್ತದೆ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡದೆ ಕ್ಲಚ್ ಒತ್ತಿಕೊಂಡೇ ನಿಲ್ಲುವವರು ಇದನ್ನು ಇನ್ನೊಮ್ಮೆ ಓದಲಿ. ಟ್ವಿನ್ ಡಿಸ್ಕಿನಲ್ಲಿ ಪೆಡಲ್ ಹಗುರಾಗಿಯೇ ಇರಬಹುದು, ಆದರೆ ಬೆಲೆ ಕೇಳಿದರೆ ಕಾಲು ನಡುಗುತ್ತದೆ.

ಎಲ್ಲಕ್ಕಿಂತ ಹೆಚ್ಚು ವಾದ ನಡೆಯುವುದು ಫ್ಲೈವೀಲ್ ವಿಷಯಕ್ಕೆ. ಹಳೆಯ ಗಾಡಿಗಳದು ಒಂದೇ ತುಂಡು ಲೋಹ. ಮೇಲ್ಮೈ ಸವೆದರೆ ಜೆ.ಸಿ. ರಸ್ತೆಯ ಆಸುಪಾಸಿನ ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಿದರೆ ಮುಗಿಯಿತು. ಈಗಿನ ಡೀಸೆಲ್‌ಗಳಲ್ಲಿ ಹೆಚ್ಚಿನವಕ್ಕೆ ಡ್ಯುಯಲ್ ಮಾಸ್ ಫ್ಲೈವೀಲ್: ಎರಡು ಚಕ್ರ, ನಡುವೆ ಬಾಗಿದ ಉದ್ದ ಸ್ಪ್ರಿಂಗುಗಳು. ಜರ್ಮನಿಯ ಲುಕ್ ಕಂಪನಿ 1985ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿತು. ಡೀಸೆಲ್ ಎಂಜಿನ್ ನುಣ್ಣಗೆ ತಿರುಗುವುದಿಲ್ಲ, ಒಂದೊಂದು ಸಿಲಿಂಡರ್ ಉರಿದಾಗಲೂ ಒಂದೊಂದು ಒದೆ ಕೊಡುತ್ತದೆ. ಆ ಒದೆಗಳನ್ನು ಸ್ಪ್ರಿಂಗುಗಳು ನುಂಗಿ ಗೇರ್‌ಬಾಕ್ಸಿಗೆ ನಯವಾದ ತಿರುಗುವಿಕೆ ಕೊಡುತ್ತವೆ.

ಡ್ಯುಯಲ್ ಮಾಸ್ ದುಬಾರಿ, ಅದಕ್ಕೂ ಟಾರ್ಕಿನ ಮಿತಿ ಇದೆ. ಹಾಗಾಗಿ ಕ್ಲಚ್ ಬದಲಿಸುವಾಗ ಅದನ್ನು ತೆಗೆದು ಒಂದೇ ತುಂಡಿನ ಹಗುರ ಫ್ಲೈವೀಲ್ ಹಾಕಿಸಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹಾಕಿಸಿದರೆ ಎಂಜಿನ್ ಚುರುಕಾಗಿ ಏರಿಳಿಯುತ್ತದೆ, ನಿಜ. ನ್ಯೂಟ್ರಲ್ಲಿನಲ್ಲಿ ನಿಂತಾಗ ಗೇರ್‌ಬಾಕ್ಸಿನಿಂದ ಕಟಕಟ ಸದ್ದು ಶುರುವಾಗುತ್ತದೆ, ಕ್ಲಚ್ ತುಳಿದರೆ ನಿಲ್ಲುತ್ತದೆ. ಹಲ್ಲಿಗೆ ಹಲ್ಲು ಬಡಿಯುವ ಸದ್ದು ಅದು. "ರೇಸ್ ಕಾರ್ ಥರ ಇದೆ" ಎಂದು ಮೊದಲ ವಾರ ಖುಷಿಪಟ್ಟವರು ಮುಂದಿನ ತಿಂಗಳು ಬಂದು "ಈ ಸದ್ದು ಹೋಗಲ್ವಾ?" ಎಂದು ಕೇಳುತ್ತಾರೆ. ಹೋಗಲ್ಲ. ರಸ್ತೆಯ ಮೇಲಿನ ಡೀಸೆಲ್ಲಿಗೆ, ಒಳಗಿನ ಆಟ ಮತ್ತು ಅಲುಗಾಟ ಅಳತೆಯೊಳಗೆ ಇದ್ದರೆ, ನಾನು ಡ್ಯುಯಲ್ ಮಾಸನ್ನೇ ಉಳಿಸುತ್ತೇನೆ. ನೀಲಿ ಕಲೆ ಬಿದ್ದಿದ್ದರೆ ಲೇತಿಗೆ ಕಳಿಸದೆ ಹೊಸದು ಹಾಕಿ ಎನ್ನುತ್ತೇನೆ.

ಇನ್ನೊಂದು ಸಂಗತಿಯನ್ನು ಹೇಳಿದರೆ ಹುಡುಗರಿಗೆ ಇಷ್ಟವಾಗುವುದಿಲ್ಲ. ಕ್ಲಚ್ ಜಾರುವುದು ಗಾಡಿಗೆ ಒಂದು ರಕ್ಷಣೆಯೂ ಹೌದು. ಅದು ಜಾರಿದಾಗ ಅದರ ಹಿಂದಿರುವ ಗೇರಿನ ಹಲ್ಲು, ಡಿಫರೆನ್ಷಿಯಲ್, ಡ್ರೈವ್ ಶಾಫ್ಟ್ ಉಳಿಯುತ್ತವೆ. ಎಂದೂ ಜಾರದ ಕ್ಲಚ್ ಹಾಕಿಸಿ ಸಿಗ್ನಲ್ಲಿನಿಂದ ನೆಗೆದರೆ ಪೆಟ್ಟು ನೇರವಾಗಿ ಅಲ್ಲಿಗೆ. ಫೋಕ್ಸ್‌ವ್ಯಾಗನ್ ಗುಂಪಿನ ಮ್ಯಾನುಯಲ್ ಗೇರ್‌ಬಾಕ್ಸ್‌ಗಳಿಗೆ ಎಂಕ್ಯೂ 200, ಎಂಕ್ಯೂ 250, ಎಂಕ್ಯೂ 350 ಎಂದು ಹೆಸರು. ಆ ಅಂಕಿಗಳು ಗೇರ್‌ಬಾಕ್ಸಿಗೆ ಹೊರಿಸಬಹುದಾದ ಟಾರ್ಕಿನ ಅಂದಾಜು. ಕಂಪನಿಯವರೇ ಇದಕ್ಕೆ ಎಷ್ಟು ತಲೆಬಾಗುತ್ತಾರೆ ನೋಡಿ: 2016ರ ಸ್ಕೋಡಾ ಸೂಪರ್ಬ್ 1.8 ಪೆಟ್ರೋಲ್ ಇಲ್ಲಿ ಎರಡು ಬಗೆಯಲ್ಲಿ ಬಂತು. ಎರಡರಲ್ಲೂ ಅದೇ ಎಂಜಿನ್, ಅದೇ 180 ಪಿಎಸ್. ಮ್ಯಾನುಯಲ್ಲಿನಲ್ಲಿ ಟಾರ್ಕ್ 320, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ಕಿನಲ್ಲಿ 250. ಆ ಡಿಎಸ್‌ಜಿಯ ಒಣ ಕ್ಲಚ್‌ಗಳ ಮಿತಿ 250, ಅದಕ್ಕೇ ಎಂಜಿನ್ನಿನ ಕೈ ಕಟ್ಟಿದರು. ಅದೇ ಬಗೆಯ ಡಿಎಸ್‌ಜಿ ಗಾಡಿ ತಂದು "ಸ್ಟೇಜ್ ಟೂ ಮಾಡ್ಕೊಡಿ" ಎಂದು ಇನ್ನೂ ದೊಡ್ಡ ರೀಮ್ಯಾಪ್ ಕೇಳುವವರಿಗೆ ನಾನು ಈ ಕತೆ ಹೇಳಿ ಕಾಫಿ ಕುಡಿಸಿ ಕಳಿಸುತ್ತೇನೆ.

ಕಾನೂನಿನ ಮಾತು ಚಿಕ್ಕದಾಗಿ. ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಬಿಗಿಯಾಗಿ ಓದಿತು. ವಾರಂಟಿ ಇರುವ ಗಾಡಿಗೆ ರೀಮ್ಯಾಪ್ ಮಾಡಿಸಿ, ಆಮೇಲೆ ಷೋರೂಮಿನಲ್ಲಿ ಕ್ಲಚ್ ಕೇಳಲು ಹೋಗಬೇಡಿ. ಕಂಪ್ಯೂಟರ್ ಎಲ್ಲವನ್ನೂ ಹೇಳಿಬಿಡುತ್ತದೆ.

ಹಾಸನದ ಹುಡುಗನ ಗಾಡಿಗೆ ಕೊನೆಗೆ ಮಾಡಿದ್ದು ಇಷ್ಟು. ಬಲ ಸ್ವಲ್ಪ ಹೆಚ್ಚಿರುವ ಪ್ರೆಷರ್ ಪ್ಲೇಟ್, ಮಾಮೂಲಿ ಲೈನಿಂಗಿನದೇ ಪ್ಲೇಟ್. ಡ್ಯುಯಲ್ ಮಾಸ್ ಪರೀಕ್ಷಿಸಿ ಅದನ್ನೇ ಉಳಿಸಿದೆವು. ಗೇರ್‌ಬಾಕ್ಸ್ ಇಳಿಸುವ ಕೂಲಿ ಹೇಗೂ ಕೊಟ್ಟಾಗಿತ್ತು, ಹಾಗಾಗಿ ರಿಲೀಸ್ ಬೇರಿಂಗ್, ಸ್ಲೇವ್ ಸಿಲಿಂಡರ್, ಕ್ರ್ಯಾಂಕಿನ ಹಿಂದಿನ ಎಣ್ಣೆ ಸೀಲ್ ಹೊಸದು. ಆ ಸೀಲಿನಿಂದ ಒಂದು ತೊಟ್ಟು ಎಣ್ಣೆ ಲೈನಿಂಗಿನ ಮೇಲೆ ಬಿದ್ದರೆ ಎಂಥ ಕ್ಲಚ್ಚೂ ಜಾರುತ್ತದೆ. ರೀಮ್ಯಾಪ್ ಮಾಡಿದವನನ್ನು ಕರೆಸಿ, 2200 ಆರ್‌ಪಿಎಂ ಒಳಗೆ ಟಾರ್ಕ್ ಒಮ್ಮೆಲೇ ನುಗ್ಗದೆ ನಿಧಾನ ಏರುವಂತೆ ತಿದ್ದಿಸಿದೆ. ತುದಿಯ ಪವರ್ ಹಾಗೇ ಉಳಿಯಿತು. ಕ್ಲಚ್ಚಿಗೆ ಬೀಳುತ್ತಿದ್ದ ಮೊದಲ ಗುದ್ದು ಹೋಯಿತು.

ಗಾಡಿ ಒಯ್ಯುವಾಗ ಮೊದಲ 800 ಕಿಲೋಮೀಟರ್ ಫುಲ್ ಆಕ್ಸಿಲರೇಟರ್ ಒತ್ತಬೇಡಿ, ಹೊಸ ಲೈನಿಂಗ್ ಫ್ಲೈವೀಲ್ ಮೇಲೆ ಸಮನಾಗಿ ಕೂರಬೇಕು ಎಂದೆ.

"ಅಷ್ಟೇನಾ ಅಣ್ಣಾ? ಊರಿಗೆ ಎರಡು ಟ್ರಿಪ್ ಹೊಡೆದ್ರೆ ಮುಗೀತು."

"ಹೈವೇ ಲೆಕ್ಕಕ್ಕಿಲ್ಲ. ಅಲ್ಲಿ ಕ್ಲಚ್ ಮುಟ್ಟೋದೇ ಇಲ್ವಲ್ಲ, ಅದು ಕೂರೋದು ಹೇಗೆ? ಬಿಡ್ತಾ ಹಿಡೀತಾ ಓಡಿಸ್ಬೇಕು. ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ, ಕೆ.ಆರ್. ಪುರ. ಬೆಳಿಗ್ಗೆ ಒಂಬತ್ತಕ್ಕೆ ಹೊರಡಿ."

ಅವನು ಕೀ ತೆಗೆದುಕೊಂಡು, ರೀಮ್ಯಾಪ್ ಮಾಡಿಸಿದ್ದು ಇದಕ್ಕೇನಾ ಎನ್ನುವ ಮುಖ ಮಾಡಿದ.