ಬಂಡೆ ಮೊದಲು, ಬಟ್ಟಲು ಆಮೇಲೆ
ಗುರುಪುರದಿಂದ ಹುಣಸೂರು, ಮೈಸೂರುಗಳನ್ನು ಹಾದು ಬೆಂಗಳೂರಿನ ದಾರಿ ಹಿಡಿದ ಗೆಳೆಯರ ಬಳಗಕ್ಕೆ, ಬೊಂಬೆಗಳಿಗೆ ಹೆಸರಾದ ಚನ್ನಪಟ್ಟಣದ ಬಳಿ ಹೆರಿಟೇಜ್ ವೈನರಿಯೂ, ಅದರಾಚೆ ರಾಮನಗರದ ಗ್ರಾನೈಟ್ ಬೆಟ್ಟಗಳೂ ಎದುರಾಗುತ್ತವೆ. ರುಚಿ ನೋಡಿದ ಮೇಲೆ ಬಂಡೆಯೇರುವುದು ಅವಿವೇಕವಾದುದರಿಂದ, ಬೆಳಗಿನ ತಂಪಿನಲ್ಲಿ ನುರಿತವರ ಸಂಗಡ ಹಗ್ಗ ಬಿಗಿದು ಹತ್ತಿಳಿದು, ಹಿಂದಿರುಗುವಾಗ ವೈನರಿಯನ್ನು ಹೊಗುವುದೇ ಲೇಸು. ಚಾಲಕನು ಮಾತ್ರ ದ್ರಾಕ್ಷಿಹಣ್ಣಿನಿಂದಲೇ ತೃಪ್ತನಾಗತಕ್ಕದ್ದು. ವೈನರಿಯ ತೊಟ್ಟಿಯಲ್ಲಿ ಯೀಸ್ಟೆಂಬ ಸೂಕ್ಷ್ಮಜೀವಿಯು ಹಣ್ಣಿನ ಸಕ್ಕರೆಯನ್ನು ಮದ್ಯಸಾರವಾಗಿ ಪರಿವರ್ತಿಸುವುದಷ್ಟೆ. ಕೆಂಪು ವೈನಿನ ವರ್ಣವಾದರೋ, ಬಹುಮಟ್ಟಿಗೆ ಬಣ್ಣವಿಲ್ಲದ ರಸದಿಂದಲ್ಲ, ಅದರೊಡನೆ ದಿನಗಟ್ಟಲೆ ನೆನೆದು ತೊಟ್ಟಿಯ ಮೇಲ್ಭಾಗಕ್ಕೆ ತೇಲಿಬರುವ ಕರಿಸಿಪ್ಪೆಯ ಗಟ್ಟಿ ಪದರದಿಂದ ಬರತಕ್ಕದ್ದು. ಇನ್ನು, 1975ರಲ್ಲಿ ತೆರೆಕಂಡ ‘ಶೋಲೆ’ಯ ಚಿತ್ರೀಕರಣ ನಡೆದ ರಾಮನಗರದ ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ರಕ್ಷಿತಧಾಮವಾಗಿರುವುದರಿಂದ, ಏರುವವರು ಬೇರೆ ಬಂಡೆಗಳನ್ನೇ ಅರಸಬೇಕು.