ನಿಬ್ಬು, ಮಸಿ, ಕಾಗದ: ಶಾಯಿ ಪೆನ್ನಿನ ದಿನಬಳಕೆ

ಶಾಯಿ ಪೆನ್ನಿನ ನಿಬ್ಬು ಕಾಗದಕ್ಕೆ ತಾಗಿದರೆ ಸಾಕು, ಮಸಿ ಇಳಿಯುತ್ತದೆ, ಒತ್ತಬೇಕಾಗಿಲ್ಲ. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ, ನಿಬ್ಬಿನ ನಡುವಿನ ಕಿರಿದಾದ ಸೀಳಿನಲ್ಲಿ ಮಸಿ ತಾನಾಗಿ ಹರಿದುಬರುತ್ತದೆ. ನಿಬ್ಬಿನ ಅಡಿಗೆ ಅಂಟಿಕೊಂಡಿರುವ, ನಾಲಿಗೆಯಂಥ ಕಪ್ಪು ಪಟ್ಟಿಯ ಕೆಲಸ ಈ ಹರಿವನ್ನು ಹತೋಟಿಯಲ್ಲಿಡುವುದು. ಅದರ ಸಣ್ಣ ಕಾಲುವೆಗಳಲ್ಲಿ ಮಸಿ ಕೆಳಗಿಳಿದಷ್ಟೂ ಗಾಳಿ ಮೇಲೇರಿ ಖಾಲಿಯಾದ ಜಾಗ ತುಂಬುತ್ತದೆ. ಈ ಲೆಕ್ಕ ತಪ್ಪಿದರೆ ಪೆನ್ನು ಬರೆಯದೆ ನಿಲ್ಲುತ್ತದೆ, ಇಲ್ಲವೇ ಮಸಿ ಕಕ್ಕುತ್ತದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಥದೇ ಹತೋಟಿಯ ವ್ಯವಸ್ಥೆಗೆ.

ಪೆನ್ನು ಕೊಳ್ಳುವಾಗ ಮೊದಲು ನೋಡಬೇಕಾದದ್ದು ನಿಬ್ಬಿನ ದಪ್ಪ. ಕನ್ನಡ ಬರೆಯುವವರಿಗೆ ಇದರ ಅಳತೆಗೋಲು ಅಕ್ಷರಮಾಲೆಯಲ್ಲೇ ಇದೆ. ‘ರ’ದ ಹೊಟ್ಟೆಯೊಳಗೆ ಒಂದು ಚುಕ್ಕಿ ಇಟ್ಟರೆ ‘ಠ’. ‘ದ’ದ ಅಡಿಯಲ್ಲಿ ಒಂದು ಸೀಳು ಎಳೆದರೆ ‘ಧ’. ದಪ್ಪ ನಿಬ್ಬಿನಲ್ಲಿ ಸಣ್ಣಗೆ ಬರೆದರೆ ಆ ಚುಕ್ಕಿ, ಆ ಸೀಳು ಮಸಿಯಲ್ಲಿ ಮುಚ್ಚಿಹೋಗುತ್ತವೆ. ‘ರಾಷ್ಟ್ರ’ ಎಂದು ಬರೆಯುವಾಗ ಎರಡು ಒತ್ತಕ್ಷರಗಳು ಕೆಳಗಿನ ಗೆರೆಯವರೆಗೂ ಇಳಿಯುತ್ತವೆ. ಆದ್ದರಿಂದ ಗೆರೆ ಹಾಕಿದ ನೋಟ್‌ಪುಸ್ತಕಕ್ಕೆ ಫೈನ್ ನಿಬ್ಬು, ದೊಡ್ಡಕ್ಷರದ ಪತ್ರಕ್ಕೆ ಮತ್ತು ಸಹಿಗೆ ಮೀಡಿಯಂ ನಿಬ್ಬು ಒಗ್ಗುತ್ತದೆ. ಜಪಾನಿನ ಪೆನ್ನುಗಳ ಫೈನ್ ಸಾಮಾನ್ಯವಾಗಿ ಯೂರೋಪಿನವುಗಳ ಫೈನ್‌ಗಿಂತ ತೆಳು. ಅಂಗಡಿಯಲ್ಲಿ ಪರೀಕ್ಷಿಸುವಾಗ ಸುಮ್ಮನೆ ಗೀಚುವ ಬದಲು ‘ಠ’, ‘ಧ’, ‘ಷ್ಟ್ರ’ ಬರೆದು ನೋಡುವುದು ಒಳ್ಳೆಯದು.

ಮಸಿ ತುಂಬುವ ಸಾಮಾನ್ಯ ಬಗೆಗಳು ಮೂರು. ಮಸಿ ತುಂಬಿಯೇ ಬರುವ ಕಾರ್ಟ್ರಿಜ್ ಸುಲಭ, ಆದರೆ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುವ ಭರವಸೆ ಕಡಿಮೆ. ಕನ್ವರ್ಟರ್ ಇದ್ದರೆ ಸೀಸೆಯ ಮಸಿಯನ್ನು ಹೀರಿಕೊಳ್ಳಬಹುದು; ಹಿಡಿಯುವುದು ಸುಮಾರು ಒಂದು ಮಿಲಿಲೀಟರು. ಫಿಲ್ಲರಿನಿಂದ ನೇರವಾಗಿ ಕೊಳವೆಗೆ ತುಂಬುವ ಹಳೆಯ ಬಗೆಯ ಪೆನ್ನು ಅದರ ಎರಡು ಮೂರು ಪಟ್ಟು ಹಿಡಿಯುತ್ತದೆ. ಇದಕ್ಕೊಂದು ದೋಷವುಂಟು: ಮಸಿ ತಳ ಕಂಡಾಗ ಒಳಗಿನ ಗಾಳಿ ಅಂಗೈಯ ಬಿಸಿಗೆ ಹಿಗ್ಗಿ ತೊಟ್ಟು ತೊಟ್ಟಾಗಿ ಮಸಿಯನ್ನು ಹೊರದಬ್ಬುತ್ತದೆ. ಮೂರನೇ ಒಂದು ಭಾಗಕ್ಕಿಳಿಯುವ ಮೊದಲೇ ತುಂಬಿಕೊಂಡರೆ ಈ ಕಾಟವಿಲ್ಲ.

ಮಸಿಯ ಮಾತು ಬಂದಾಗ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ, ಹುಣಸೂರಿನ ಕಾಡುಗಳನ್ನು ನೆನೆಯಲೇಬೇಕು. ಅಲ್ಲಿನ ಎಲೆ ಉದುರುವ ಕಾಡಿನಲ್ಲಿ ಬೆಳೆಯುವ ಅಳಲೆಕಾಯಿ ಒಗರಿನ ಗಣಿ. ಅದನ್ನು ಜಜ್ಜಿ ನೆನೆಸಿ, ಕಬ್ಬಿಣದ ಲವಣವಾದ ಅನ್ನಭೇದಿ ಬೆರೆಸಿದರೆ ಹಳೆಯ ಕಾಲದ ಮಸಿ ಸಿದ್ಧ. ಬರೆಯುವಾಗ ಅದು ಮಂಕು. ಗಾಳಿ ತಾಗುತ್ತಾ ಕಪ್ಪೇರಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ, ನೀರಿಗೂ ಜಗ್ಗುವುದಿಲ್ಲ. ಯೂರೋಪಿನವರು ಓಕ್ ಮರದ ಗಂಟುಕಾಯಿಯಿಂದ ಮಾಡುತ್ತಿದ್ದ ದಾಖಲೆ ಮಸಿಯ ಗುಟ್ಟೂ ಇದೇ. ಆದರೆ ಮನೆಯಲ್ಲಿ ಕಾಯಿಸಿದ ಈ ಮಸಿ ಅದ್ದಿ ಬರೆಯುವ ಲೆಕ್ಕಣಿಕೆಗೆ ಸರಿ, ಶಾಯಿ ಪೆನ್ನಿಗಲ್ಲ: ಚರಟ ನಾಲಿಗೆಯನ್ನು ಕಟ್ಟಿಹಾಕುತ್ತದೆ, ಹುಳಿ ಉಕ್ಕಿನ ನಿಬ್ಬನ್ನು ತಿನ್ನುತ್ತದೆ. ಪೆನ್ನಿಗೆಂದೇ ಹದಗೊಳಿಸಿದ ಕಬ್ಬಿಣದ ಮಸಿಗಳೂ ಮಾರುಕಟ್ಟೆಯಲ್ಲಿವೆ. ಅವನ್ನು ಬಳಸುವವರು ಪೆನ್ನು ಒಣಗಲು ಬಿಡಬಾರದು.

ದಿನದ ಬರಹಕ್ಕೆ ನೀರಿನಲ್ಲಿ ಕರಗಿದ ಬಣ್ಣದ ಮಸಿಯೇ ನಿರಾತಂಕ. ಚೆಲ್‌ಪಾರ್ಕ್, ಬ್ರಿಲ್, ಕ್ಯಾಮೆಲ್ ಸೀಸೆಗಳಲ್ಲಿ ಕನ್ನಡಿಗರು ತಲೆಮಾರುಗಳಿಂದ ಕಂಡದ್ದು ಇದನ್ನೇ. ತೊಳೆಯುವುದು ಸುಲಭ, ನೀರು ಬಿದ್ದರೆ ಬರಹ ಅಳಿಯುವುದೂ ಅಷ್ಟೇ ಸುಲಭ. ಚಿತ್ರಕಾರರ ಇಂಡಿಯನ್ ಇಂಕ್ ಅನ್ನು ಪೆನ್ನಿಗೆ ಎಂದೂ ಹಾಕಬಾರದು, ಅದರೊಳಗಿನ ಅಂಟು ಒಣಗಿದರೆ ಪೆನ್ನು ಮುಗಿದಂತೆ. ಮೈಸೂರು ಜಿಲ್ಲೆಯ ಹೆಸರುವಾಸಿ ಶಾಯಿಗೂ ಪೆನ್ನಿಗೂ ಸಂಬಂಧವಿಲ್ಲ: 1937ರಲ್ಲಿ ಆರಂಭವಾದ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ 1962ರ ಸಾರ್ವತ್ರಿಕ ಚುನಾವಣೆಯಿಂದ ಪೂರೈಸುತ್ತಿರುವ ಅಳಿಸಲಾಗದ ಶಾಯಿ ಬೆಳ್ಳಿಯ ನೈಟ್ರೇಟಿನದು, ಬೆರಳಿನ ಗುರುತಿಗಷ್ಟೇ ಮೀಸಲು.

ನಿಬ್ಬು, ಮಸಿ ಎರಡೂ ಚೆನ್ನಾಗಿದ್ದು ಕಾಗದ ಕೆಟ್ಟದಾದರೆ ಬರಹ ಕೆಡುತ್ತದೆ. ಸಡಿಲ ನಾರಿನ ಅಗ್ಗದ ಹಾಳೆಯಲ್ಲಿ ಗೆರೆಯ ಅಂಚು ಬೇರು ಬಿಟ್ಟಂತೆ ಹರಡಿ, ಹಿಂಬದಿಗೂ ಇಳಿಯುತ್ತದೆ. ಚದರ ಮೀಟರಿಗೆ 70ರಿಂದ 80 ಗ್ರಾಂ ತೂಕದ, ನಯವಾದ ಹಾಳೆ ಸಾಮಾನ್ಯವಾಗಿ ತಡೆಯುತ್ತದೆ. ಮುಂಗಾರಿನಲ್ಲಿ ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಪಡುವಣ ಹೋಬಳಿಗಳಲ್ಲಿ ಹಾಳೆಯೇ ಥಂಡಿ ಹಿಡಿದಿರುತ್ತದೆ. ಆಗ ಅದೇ ಪುಸ್ತಕದಲ್ಲಿ ಮಸಿ ಹೆಚ್ಚು ಹರಡುತ್ತದೆ, ನಿಧಾನ ಒಣಗುತ್ತದೆ. ಫೈನ್ ನಿಬ್ಬು ಮತ್ತು ಒಂದು ಚೂರು ಹೀರುಕಾಗದ ಇದಕ್ಕೆ ಪರಿಹಾರ. ಚೆಲ್ಲಿದ ಹನಿಗೆ ಶಾಲೆಯ ಮಕ್ಕಳ ಉಪಾಯವೇ ಸಾಕು: ಸೀಮೆಸುಣ್ಣದ ತುದಿ ತಾಗಿಸಿದರೆ ಅದು ಹನಿಯನ್ನು ಎಳೆದುಕೊಂಡು ನೀಲಿಯಾಗುತ್ತದೆ. ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು. ಮುಚ್ಚಳ ತೆಗೆದಿಟ್ಟ ಪೆನ್ನು ಕೆಲವೇ ನಿಮಿಷದಲ್ಲಿ ಒಣಗುತ್ತದೆ.

ತಿಂಗಳಿಗೊಮ್ಮೆ, ಮಸಿ ಬದಲಿಸುವಾಗ ತಪ್ಪದೆ, ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ನೆನೆಸಿ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬಿಸಿನೀರು ಹಳೆಯ ಎಬೊನೈಟ್ ಪೆನ್ನಿನ ಬಣ್ಣ ಕೆಡಿಸುತ್ತದೆ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಕೊನೆಯ ಸಲ ಶುದ್ಧೀಕರಿಸಿದ ನೀರು ಬಳಸಿದರೆ ಕಾಲುವೆಗಳಲ್ಲಿ ಸುಣ್ಣದಂಶ ಉಳಿಯುವುದಿಲ್ಲ. ಎರಡು ಬ್ರ್ಯಾಂಡಿನ ಮಸಿ ಬೆರೆಸಬಾರದು. ಜೇಬಿನಲ್ಲಿ ನಿಬ್ಬು ಮೇಲಾಗಿ ಇರಬೇಕು.

ಶಾಯಿ ಪೆನ್ನು ಎಲ್ಲ ಕೆಲಸಕ್ಕೂ ಒದಗುವುದಿಲ್ಲ. ಕೆ.ಆರ್. ನಗರದ ಭತ್ತದ ವ್ಯಾಪಾರಿ ಕಾರ್ಬನ್ ಇಟ್ಟು ಎರಡು ಪ್ರತಿ ತೆಗೆಯುವ ರಸೀದಿಗೆ ಒತ್ತಿ ಬರೆಯಲೇಬೇಕು. ಅಲ್ಲಿ ಬಾಲ್‌ಪೆನ್ನೇ ಸರಿ. ನುಣುಪು ಲೇಪದ ಬಿಲ್ಲಿನ ಮೇಲೂ ಮಸಿ ನಿಲ್ಲದೆ ಜಾರುತ್ತದೆ. ದಿನಚರಿ, ಪಾಠದ ಟಿಪ್ಪಣಿ, ಕಾಗದ-ಪತ್ರಗಳಂಥ ಪುಟಗಟ್ಟಲೆ ಬರಹದಲ್ಲಿ ಮಾತ್ರ, ಒತ್ತದೆ ಬರೆಯುವ ಕೈಗೆ ನೋವು ಕಡಿಮೆ.