ಮಾಳಿಗೆಯ ಪದಕ್ಕೆ ಹೊಸ ಮಟ್ಟು

ಹೊಸಪೇಟೆ, ಸಂಡೂರು, ಕಂಪ್ಲಿಗಳ ಸೀಮೆ ಮಣ್ಣಿನ ಮಾಳಿಗೆಗಳ ಸೀಮೆ. ಮಳೆಗಾಲಕ್ಕೆ ಮುಂಚೆ ಮೇಲೇರಿ ಮಣ್ಣು ಹೊದಿಸದಿದ್ದರೆ ಮನೆ ಸೋರುವುದೆಂಬುದನ್ನು ಇಲ್ಲಿಯ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯನ್ನು ಕುರಿತು ಹಾಡಿದಾಗ, ದೇಹವೇ ಮನೆ, ಅಜ್ಞಾನವೇ ಬಿರುಕು ಎಂಬ ಒಳಅರ್ಥ ಅಂಥ ಕೇಳುಗರಿಗೆ ತಾನಾಗಿಯೇ ಹೊಳೆಯುತ್ತದೆ. ಆದರೆ ಮಣ್ಣಿನ ಮಾಳಿಗೆಯನ್ನೇ ಕಾಣದ ನಗರದ ತರುಣರಿಗೆ ಈ ಪದ ತಲುಪುವ ಬಗೆ ಯಾವುದು? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಒಂದು, 2008ರಲ್ಲಿ ಹೊರಬಂದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಧ್ವನಿಸಂಪುಟ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಸೂಕ್ಷ್ಮಜೀವಿ ವಿಜ್ಞಾನವನ್ನು ಓದಿದವರು, ಭರತನಾಟ್ಯವನ್ನು ಕಲಿತವರು. ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ ತಮ್ಮ ಸಂಸ್ಥೆಯ ಮೂಲಕ ಅವರ ಸಂಪುಟವನ್ನು ಪ್ರಕಟಿಸಿತು. ಅದರಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಹೀಗೆ ಮೂರು ಭಾಷೆಗಳ 8 ಹಾಡುಗಳಿವೆ. ಕನ್ನಡದವೆರಡೂ ಶರೀಫರವೇ: ಒಂದು ಗುಡುಗುಡಿಯ ಪದ, ಇನ್ನೊಂದು ಮಾಳಿಗೆಯ ಪದ.

ಹಳೆಯ ಹಾಡನ್ನು ಹೊಸ ವಾದ್ಯಗಳಿಗೆ ಒಗ್ಗಿಸುವುದು ಲೋಕದಲ್ಲಿ ಹೊಸ ಸಂಗತಿಯಲ್ಲ. ಮೆಕ್ಸಿಕೋದಲ್ಲಿ ಹುಟ್ಟಿದ ಕಾರ್ಲೋಸ್ ಸಂತಾನಾ ಅವರ ತಂಡ 1969ರ ತನ್ನ ಮೊದಲ ಸಂಪುಟದಲ್ಲಿ ಲ್ಯಾಟಿನ್ ಅಮೆರಿಕದ ಚರ್ಮವಾದ್ಯಗಳನ್ನು ವಿದ್ಯುತ್ ಗಿಟಾರಿನೊಡನೆ ನುಡಿಸಿತು. ನೈಜೀರಿಯಾದ ಒಲಾತುಂಜಿಯವರ ಕೃತಿಯೊಂದನ್ನೂ ತನ್ನದಾಗಿಸಿಕೊಂಡಿತು. ಅಲ್ಲಿ ಪರಂಪರೆಯ ಲಯವು ಅಲಂಕಾರವಾಗಿರಲಿಲ್ಲ, ತಳಹದಿಯಾಗಿತ್ತು. ಹೊರಗಿನದನ್ನು ಬರಮಾಡಿಕೊಳ್ಳುವುದು ನಮಗೂ ಹೊಸತಲ್ಲ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ನಮ್ಮ ನರ್ತಕಿಯರೂ ಕುದುರೆ ತಂದ ಪರದೇಶಿಯರೂ ಒಟ್ಟಿಗೇ ನಿಂತಿದ್ದಾರೆ.

ದೀಕ್ಷಿತರಿಗಿಂತ ಮೊದಲೇ ಸಿ. ಅಶ್ವತ್ಥರು ಶರೀಫರನ್ನು ಧ್ವನಿಸುರುಳಿಗಳ ಮೂಲಕ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕ ಮನೆಮನೆಗೆ ಮುಟ್ಟಿಸಿದ್ದರು. ಅಶ್ವತ್ಥರಲ್ಲಿ ಮಾತು ಮುಂದೆ, ಲಯ ಹಿಂದೆ. ದೀಕ್ಷಿತರಲ್ಲಿ ಲಯವೇ ಮುಂದೆ ನಡೆಯುತ್ತದೆ. ತರುಣರು ಕುಣಿಯುತ್ತಾರೆಯೇ ಹೊರತು ತತ್ತ್ವವನ್ನು ಗ್ರಹಿಸುವುದಿಲ್ಲ ಎಂಬ ಆಕ್ಷೇಪಕ್ಕೆ ಇದೇ ಕಾರಣ. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಭಜನೆಯ ದಮ್ಮಡಿಯೂ ಮೊದಲು ಮೈಯನ್ನೇ ಅಲುಗಿಸುತ್ತದೆ, ಅರ್ಥ ಅನಂತರ ಬರುತ್ತದೆ. ತತ್ತ್ವಪದಗಳು ಪುಸ್ತಕಕ್ಕಿಂತ ಹೆಚ್ಚಾಗಿ ಕಂಠದಿಂದ ಕಂಠಕ್ಕೆ ದಾಟಿ ಉಳಿದವು. ಹೀಗೆ ದಾಟುವಾಗ ಮಟ್ಟು ಬದಲಾಗುವುದು ಸಹಜವೇ ಸರಿ.

ಈ ಸಂಪುಟದ ಬಳಿಕ ತಂಡವು 2010ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿ ಹಾಡಿತು, 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ ದೊರೆಯಿತು. ಬೆಂಗಳೂರಿನ ‘ಸ್ವರಾತ್ಮ’ ತಂಡದ ಮೊದಲ ಸಂಪುಟ 2009ರಲ್ಲಿ ಬಂದಿತು. ಗಿಟಾರು ಹಿಡಿದ ಹುಡುಗನಿಗೆ ಕನ್ನಡವೂ ಒಂದು ಸಹಜ ಭಾಷೆಯೆಂಬ ಧೈರ್ಯವನ್ನು ಇಂಥ ತಂಡಗಳು ಬೆಳೆಸಿದವು.

ಆದರೂ ಪರಂಪರೆಯನ್ನು ಉಳಿಸುವ ಹೊಣೆ ಹಾಡುಗಾರನೊಬ್ಬನದಲ್ಲ. ಹಾಡು ಕಿವಿಯವರೆಗೆ ಪದವನ್ನು ತಂದು ಬಿಡುತ್ತದೆ. ಕುಣಿದು ದಣಿದ ಮಗ ‘ಮಾಳಿಗೆ ಎಂದರೇನು?’ ಎಂದು ಕೇಳಿದಾಗ ಉತ್ತರಿಸಬೇಕಾದವರು, ಶರೀಫರನ್ನು ಓದಿ ಬಲ್ಲ ನಾವು.